ಎದುರಾಳಿಯನ್ನು ಅಳೆಯುವ ಲೆಕ್ಕ

ಪಬ್ಲಿಕ್ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ವಿದ್ಯಾರ್ಥಿಗಳು ಒಂದು ಕೆಲಸವನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಾರೆ. ಹಿಂದಿನ ಐದಾರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮುಂದೆ ಹರಡಿಕೊಂಡು, ಯಾವ ಪ್ರಶ್ನೆ ಎಷ್ಟು ಸಲ ಬಂದಿದೆ, ಹೋದ ವರ್ಷ ಬಾರದ್ದು ಈ ಸಲ ಬಂದೀತೆ ಎಂದು ಎಣಿಸಿ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕುತ್ತಾರೆ. "ಓದುವುದು ಬಿಟ್ಟು ಇದೇನು ಜೋಯಿಸರ ಕೆಲಸ?" ಎಂದು ತಂದೆತಾಯಿಗಳು ಗದರುವುದೂ ಉಂಟು. ಅದು ಜ್ಯೋತಿಷ್ಯವಲ್ಲ. ಆದರೆ ವಿವೇಚನೆಯಿಂದ ಮಾಡದಿದ್ದರೆ ಜ್ಯೋತಿಷ್ಯಕ್ಕಿಂತ ಹೆಚ್ಚಿನದೂ ಅಲ್ಲ. ಇದೇ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುವ ಆಟವೊಂದಿದೆ. ಅದು ಅಮೆರಿಕದ ಬೇಸ್‌ಬಾಲ್. ಈ ವಾರ ಅವರ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಅಲ್ಲಿ ಪ್ರತಿ ತಂಡವೂ ಏಪ್ರಿಲ್ ಸುಮಾರಿನಿಂದ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡುತ್ತದೆ. ಹೆಚ್ಚು ಗೆದ್ದವರು ಅಕ್ಟೋಬರಿನ ನಿರ್ಣಾಯಕ ಸರಣಿಗಳಿಗೆ ಹೋಗುತ್ತಾರೆ. ಕೊನೆಯ ಸರಣಿಗೆ ವರ್ಲ್ಡ್ ಸೀರೀಸ್ ಎಂದು ಹೆಸರು. ಏಳರಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್. ಸರಣಿ ಶುರುವಾಗುವ ಮೊದಲೇ ಎದುರಾಳಿ ಆಡುವ ಊರುಗಳಿಗೆ ಹೋಗಿ, ಪ್ರೇಕ್ಷಕರ ನಡುವೆ ಕುಳಿತು, ಒಂದೊಂದು ಎಸೆತವನ್ನೂ ಬರೆದುಕೊಳ್ಳುವವನಿಗೆ ಸ್ಕೌಟ್ ಎನ್ನುತ್ತಾರೆ. ನಮ್ಮ ಶಾಲೆಗಳ ಸ್ಕೌಟ್ಸ್ ಮತ್ತು ಗೈಡ್ಸ್‌ನ ಸ್ಕೌಟ್ ಅಲ್ಲ, ಪದದ ಹಳೆಯ ಅರ್ಥದ ಸ್ಕೌಟ್. ಸೈನ್ಯದ ಮುಂದೆ ಹೋಗಿ ಶತ್ರುವಿನ ಪಾಳೆಯವನ್ನು ನೋಡಿ ಬರುವ ಬೇಹಿನವನು.

ಇಷ್ಟೊಂದು ಬರೆದುಕೊಳ್ಳುವುದು ಏಕೆ? ಇದಕ್ಕೆ ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿದೆ. ಚೆಂಡು ಎಸೆಯುವ ಪಿಚರ್ ನಿಂತಿರುವ ಜಾಗದಿಂದ ಬ್ಯಾಟ್ ಹಿಡಿದವನ ಪಕ್ಕದ ಫಲಕಕ್ಕೆ 18.44 ಮೀಟರ್ ದೂರ. ಪಿಚರ್ ಹೆಜ್ಜೆ ಮುಂದಿಟ್ಟು ಎಸೆಯುವುದರಿಂದ ಚೆಂಡಿಗೆ ಉಳಿಯುವ ದಾರಿ ಸುಮಾರು 17 ಮೀಟರ್. ಕ್ರಿಕೆಟ್‌ನಂತೆ ಚೆಂಡು ನೆಲಕ್ಕೆ ಬಿದ್ದು ಏಳುವುದಿಲ್ಲ, ಗಾಳಿಯಲ್ಲೇ ಬರುತ್ತದೆ. ವೇಗ ಗಂಟೆಗೆ 150 ಕಿಲೋಮೀಟರ್ ಎಂದಿಟ್ಟುಕೊಂಡರೆ ಅದು ತಲುಪಲು ಬೇಕಾದ ಕಾಲ ಸುಮಾರು 0.4 ಸೆಕೆಂಡು. ಒಬ್ಬರು ಸ್ಕೇಲನ್ನು ಕೈಬಿಟ್ಟಾಗ ಇನ್ನೊಬ್ಬರು ಬೆರಳಿಂದ ಹಿಡಿಯುವ ಪ್ರಯೋಗವನ್ನು ನೀವು ತರಗತಿಯಲ್ಲಿ ಮಾಡಿರಬಹುದು. ಸ್ಕೇಲು ಸುಮಾರು 20 ಸೆಂಟಿಮೀಟರ್ ಜಾರಿದ ಮೇಲೆ ಸಿಕ್ಕಿದರೆ ನಿಮ್ಮ ಪ್ರತಿಕ್ರಿಯೆಗೆ 0.2 ಸೆಕೆಂಡು ಹಿಡಿಯಿತೆಂದು ಅರ್ಥ. ಅಂದರೆ ಬ್ಯಾಟರನಿಗೆ ಸಿಗುವ ಕಾಲದಲ್ಲಿ ಅರ್ಧಭಾಗ ಕಣ್ಣು ಕಂಡದ್ದಕ್ಕೆ ಕೈ ಓಗೊಡುವುದರಲ್ಲೇ ಖರ್ಚು. ಉಳಿದ ಅರ್ಧದಲ್ಲಿ ಚೆಂಡು ನೇರ ಬರುತ್ತದೆಯೋ ತಿರುಗುತ್ತದೆಯೋ ಎಂದು ತೀರ್ಮಾನಿಸಬೇಕು. ಏನು ಬರಬಹುದೆಂಬ ಅಂದಾಜು ಮೊದಲೇ ತಲೆಯಲ್ಲಿದ್ದರೆ ಅವನಿಗೆ ಸಿಗುವ ಅನುಕೂಲ ಸಣ್ಣದಲ್ಲ.

ಆಟದ ಒಂದು ನಿಯಮವನ್ನೂ ಹೇಳಿಬಿಡಬೇಕು. ಫಲಕದ ಮೇಲೆ, ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲಿ ಬಂದ ಎಸೆತ ಒಳ್ಳೆಯದು. ಅದನ್ನು ಬಿಟ್ಟರೂ ಬೀಸಿ ತಪ್ಪಿದರೂ ಬ್ಯಾಟರನ ಲೆಕ್ಕಕ್ಕೆ ಒಂದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಹೊರಗೆ ಹೋದ ಎಸೆತವನ್ನು ಅವನು ಬೀಸದೆ ಬಿಟ್ಟರೆ ಅದು ಪಿಚರನ ಲೆಕ್ಕಕ್ಕೆ. ಅಂಥವು ನಾಲ್ಕಾದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ. ಹೀಗೆ ಮೂರು ಕೆಟ್ಟ ಎಸೆತ, ಎರಡು ಸ್ಟ್ರೈಕ್ ಆಗಿರುವ ಸ್ಥಿತಿ ಇಬ್ಬರಿಗೂ ಉಸಿರು ಬಿಗಿಹಿಡಿಯುವ ಗಳಿಗೆ. ನಮ್ಮ ಕಥೆ ಅಲ್ಲಿಗೇ ಬಂದು ನಿಲ್ಲುತ್ತದೆ.

1988ರ ವರ್ಲ್ಡ್ ಸೀರೀಸ್. ಒಂದು ಕಡೆ ಆ ವರ್ಷ 104 ಪಂದ್ಯ ಗೆದ್ದಿದ್ದ ಓಕ್‌ಲೆಂಡ್ ಅಥ್ಲೆಟಿಕ್ಸ್. ಒಂದೇ ವರ್ಷದಲ್ಲಿ 42 ಹೋಂ ರನ್ ಹೊಡೆದು, 40 ಬೇಸ್‌ಗಳನ್ನು ಕದ್ದು ಓಡಿದ್ದ ಹೊಸೆ ಕನ್ಸೇಕೊ ಆ ತಂಡದವನು. ಹೋಂ ರನ್ ಎಂದರೆ ನಮ್ಮ ಸಿಕ್ಸರಿನ ಅಣ್ಣ ಎಂದು ತಿಳಿಯಿರಿ. ಪಂದ್ಯದ ಕೊನೆಯಲ್ಲಿ ಬಂದು ಎದುರಾಳಿಯ ಬಾಗಿಲು ಮುಚ್ಚುವ ಪಿಚರ್ ಡೆನ್ನಿಸ್ ಎಕರ್ಸ್ಲಿಯೂ ಅದೇ ತಂಡದವನು. ವರ್ಲ್ಡ್ ಸೀರೀಸ್‌ಗೆ ಮುಂಚಿನ ಸರಣಿಯ ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಕೊನೆಗೆ ಬಂದು ಗೆಲುವು ಕಾಯ್ದುಕೊಟ್ಟವನು ಅವನೇ. ಇನ್ನೊಂದು ಕಡೆ 94 ಪಂದ್ಯ ಗೆದ್ದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್. ಅವರ ಮುಖ್ಯ ಬ್ಯಾಟರ್ ಕರ್ಕ್ ಗಿಬ್ಸನ್‌ಗೆ ಎಡಗಾಲಿನ ತೊಡೆಯ ಸ್ನಾಯು, ಬಲಗಾಲಿನ ಮಂಡಿ ಎರಡೂ ಕೆಟ್ಟು ನಡೆಯುವುದೇ ಕಷ್ಟವಾಗಿತ್ತು.

ಅಕ್ಟೋಬರ್ 15ರಂದು ಮೊದಲ ಪಂದ್ಯ. ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್. ಓಕ್‌ಲೆಂಡ್ 4, ಡಾಡ್ಜರ್ಸ್ 3. ಎಸೆಯುತ್ತಿದ್ದವನು ಎಕರ್ಸ್ಲಿ. ಡಾಡ್ಜರ್ಸ್‌ನ ಇಬ್ಬರು ಔಟಾಗಿದ್ದರು. ಮೂರನೆಯವನಾಗಿ ಬಂದವನು ಮೈಕ್ ಡೇವಿಸ್.

ಜನ ಈ ಕಥೆ ಹೇಳುವಾಗ ಗಿಬ್ಸನ್‌ನಿಂದ ಶುರುಮಾಡುತ್ತಾರೆ. ವಿಜ್ಞಾನದ ಮೇಷ್ಟ್ರಾದ ನನಗೆ ಡೇವಿಸನೇ ಹೆಚ್ಚು ಮುಖ್ಯ. ಅವನು ಹಿಂದಿನ ವರ್ಷ ಓಕ್‌ಲೆಂಡ್‌ನಲ್ಲೇ ಎಕರ್ಸ್ಲಿಯ ಜತೆಗಾರ. 1987ರಲ್ಲಿ 22 ಹೋಂ ರನ್ ಹೊಡೆದಿದ್ದ. ತಂಡ ಬದಲಾಯಿಸಿದ ಮೇಲೆ 1988ರಲ್ಲಿ ಅವನ ಆಟ ಕುಸಿದುಹೋಗಿತ್ತು, ಇಡೀ ವರ್ಷಕ್ಕೆ ಹೋಂ ರನ್ ಬರೀ 2. ಆದರೆ ಎಕರ್ಸ್ಲಿಯ ನೆನಪಿನಲ್ಲಿದ್ದವನು 22ರ ಡೇವಿಸ್. ಜೊತೆಗೆ ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡ ಒಂದು ಉಪಾಯ ಹೂಡಿದ್ದ. ಮುಂದಿನ ಬ್ಯಾಟರ್ ಕಾಯುವ ವೃತ್ತದಲ್ಲಿ ಗಿಬ್ಸನ್‌ನನ್ನು ನಿಲ್ಲಿಸದೆ ಡೇವ್ ಆಂಡರ್ಸನ್ ಎಂಬ ಸಾಧಾರಣ ಆಟಗಾರನನ್ನು ನಿಲ್ಲಿಸಿದ. ಮುಂದೆ ಬರುವವನು ಸಾಮಾನ್ಯದವನು, ಈಗ ಇರುವವನು ಹೊಡೆಯಬಲ್ಲವನು, ಹಾಗಾದರೆ ಇವನಿಗೆ ಹೊಡೆಯಲು ಸಿಗದಂತೆ ಎಸೆಯೋಣ. ಎಕರ್ಸ್ಲಿಯ ಎಸೆತಗಳು ಹೊರಗೆ ಹೋದವು, ಡೇವಿಸ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದ.

ನೋಡಿ, ಎಕರ್ಸ್ಲಿಯ ತರ್ಕದಲ್ಲಿ ದೋಷವಿಲ್ಲ. ಮಾಹಿತಿಯಲ್ಲಿ ದೋಷ. ಒಂದು ಹಳಸಿದ ಮಾಹಿತಿ, ಇನ್ನೊಂದು ಬೇಕೆಂದೇ ತೋರಿಸಿದ ಸುಳ್ಳು ಮಾಹಿತಿ. ಪೋಷಕರ ಜೊತೆ ಮಾತಾಡುವಾಗ ಈ ಡೇವಿಸ್ ನನಗೆ ಆಗಾಗ ನೆನಪಾಗುತ್ತಾನೆ. "ನಮ್ಮ ಹುಡುಗಿ ಲೆಕ್ಕದಲ್ಲಿ ಹಿಂದೆ ಸಾರ್" ಎನ್ನುತ್ತಾರೆ. ಯಾವಾಗ ಎಂದು ಕೇಳಿದರೆ ಏಳನೇ ತರಗತಿಯ ಮಾತು ಬರುತ್ತದೆ. ಹುಡುಗಿ ಈಗ ಹತ್ತರಲ್ಲಿದ್ದಾಳೆ. ಮೂರು ವರ್ಷ ಹಿಂದಿನ ಅಂಕಪಟ್ಟಿಯನ್ನು ಹಿಡಿದುಕೊಂಡು ಮಕ್ಕಳ ವಿಷಯ ನಿರ್ಧರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಇನ್ನು ಗಿಬ್ಸನ್. ಅವನು ಒಳಗೆ ಚಿಕಿತ್ಸೆಯ ಕೊಠಡಿಯಲ್ಲಿದ್ದ. ಒಂದು ಸಲ ಬ್ಯಾಟ್ ಬೀಸಬಲ್ಲೆ ಎಂದು ಹೇಳಿಕಳುಹಿಸಿ, ಕುಂಟುತ್ತಲೇ ಹೊರಗೆ ಬಂದ. ಬೇಸ್‌ಬಾಲ್‌ನಲ್ಲಿ ಒಬ್ಬನ ಬದಲಿಗೆ ಇನ್ನೊಬ್ಬ ಬ್ಯಾಟ್ ಮಾಡಲು ಅವಕಾಶ ಇದೆ. ಎರಡು ಸ್ಟ್ರೈಕ್ ಬೇಗನೆ ಆದವು. ನಂತರ ಅವನು ಕಷ್ಟಪಟ್ಟು ಚೆಂಡನ್ನು ಗೆರೆಯಾಚೆಗೆ ತಟ್ಟುತ್ತ, ಹೊರಗಿನವನ್ನು ಬಿಡುತ್ತ ಉಳಿದುಕೊಂಡ. ಅಷ್ಟರಲ್ಲಿ ಡೇವಿಸ್ ಎರಡನೆಯ ಬೇಸ್‌ಗೆ ಓಡಿ ಸೇರಿದ. ಲೆಕ್ಕ ಮೂರು-ಎರಡಾಯಿತು.

ಗಿಬ್ಸನ್ ಆಟ ನಿಲ್ಲಿಸಲು ಕೈ ಎತ್ತಿ ಪಕ್ಕಕ್ಕೆ ಸರಿದು ನಿಂತ. ಆ ಕ್ಷಣದಲ್ಲಿ ಅವನಿಗೆ ನೆನಪಾದದ್ದು ಮೆಲ್ ಡಿಡಿಯೆ ಎಂಬ ಹಿರಿಯ ಸ್ಕೌಟ್‌ನ ಮಾತು. ಸರಣಿಗೆ ಮೊದಲು ಓಕ್‌ಲೆಂಡ್ ತಂಡವನ್ನು ನೋಡಿಬಂದವರಲ್ಲಿ ಡಿಡಿಯೆ ಒಬ್ಬ. ಎಡಗೈ ಬ್ಯಾಟರ್‌ಗಳನ್ನು ಕೂರಿಸಿಕೊಂಡು ಅವನು ಹೇಳಿದ್ದು ಇಷ್ಟೆ: ಲೆಕ್ಕ ಮೂರು-ಎರಡಾದಾಗ ಎಕರ್ಸ್ಲಿ ನಿಮಗೆ ಹಿಂಬಾಗಿಲ ಸ್ಲೈಡರ್ ಎಸೆಯುತ್ತಾನೆ, ನನ್ನ ಮಾತು ನಂಬಿ. ಹೊರಗೇ ಹೋಗುತ್ತದೆ ಎನ್ನಿಸುವಂತೆ ಬಂದು, ಕೊನೆಯಲ್ಲಿ ಒಳಕ್ಕೆ ತಿರುಗಿ ಫಲಕದ ಅಂಚನ್ನು ಸವರುವ ಚೆಂಡು ಅದು. ಗಿಬ್ಸನ್ ಮತ್ತೆ ಬಂದು ನಿಂತ. ಬಂದದ್ದು ಅದೇ ಚೆಂಡು. ಕಾಲಿನ ಬಲ ಇಲ್ಲದೆ ಬರೀ ತೋಳುಗಳಿಂದ ಬೀಸಿದ ಹೊಡೆತಕ್ಕೆ ಅದು ಬಲಗಡೆಯ ಬೇಲಿ ದಾಟಿ ಪ್ರೇಕ್ಷಕರ ನಡುವೆ ಬಿತ್ತು. ಡೇವಿಸನ ಓಟ, ಗಿಬ್ಸನ್‌ನ ಓಟ ಸೇರಿ ಡಾಡ್ಜರ್ಸ್ 5, ಓಕ್‌ಲೆಂಡ್ 4. ಆ ಸರಣಿಯಲ್ಲಿ ಗಿಬ್ಸನ್ ಮತ್ತೆ ಬ್ಯಾಟ್ ಹಿಡಿಯಲಿಲ್ಲ. ಡಾಡ್ಜರ್ಸ್ ಸರಣಿಯನ್ನು 4-1ರಿಂದ ಗೆದ್ದಿತು. ಕನ್ಸೇಕೊಗೆ ಐದು ಪಂದ್ಯಗಳಲ್ಲಿ ಸಿಕ್ಕಿದ್ದು ಒಂದೇ ಒಂದು ಹಿಟ್.

ಕಥೆ ಸೊಗಸಾಗಿದೆ. ಸೊಗಸಾದ ಕಥೆ ಕೇಳಿದಾಗಲೇ ವಿಜ್ಞಾನದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು: ಎಷ್ಟು ಸಲ ನೋಡಿ ಈ ಮಾತು ಹೇಳಿದ್ದು? ಎಕರ್ಸ್ಲಿ ಆ ವರ್ಷ 60 ಪಂದ್ಯಗಳಲ್ಲಿ ಸುಮಾರು 73 ಇನ್ನಿಂಗ್ಸ್ ಎಸೆದು ಪುಕ್ಕಟೆ ನಡೆಯಲು ಬಿಟ್ಟದ್ದು ಬರೀ 11 ಸಲ. ಇಂಥ ಕರಾರುವಾಕ್ಕಿನ ಪಿಚರ್‌ಗೆ ಮೂರು ಕೆಟ್ಟ ಎಸೆತ ಆಗುವುದೇ ಅಪರೂಪ. ಅದರಲ್ಲೂ ಎದುರಿಗೆ ಎಡಗೈ ಬ್ಯಾಟರ್ ಇದ್ದು, ಲೆಕ್ಕ ಸರಿಯಾಗಿ ಮೂರು-ಎರಡು ಆಗಿ, ಅದು ಸ್ಕೌಟ್‌ನ ಕಣ್ಣೆದುರೇ ನಡೆದಿರಬೇಕು. ಬೆರಳೆಣಿಕೆಯಷ್ಟು ನಿದರ್ಶನ ಇದ್ದಿರಬೇಕು ಅಷ್ಟೆ. ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಇಷ್ಟೇ ವೀಕ್ಷಣೆ ಬರೆದು ನಿಯಮ ಹೇಳಿದರೆ ನಾನಂತೂ ಸಹಿ ಹಾಕುವುದಿಲ್ಲ.

ಹಾಗಾದರೆ ಡಿಡಿಯೆ ಗುರಿಯಿಲ್ಲದೆ ಕಲ್ಲೆಸೆದನೆ? ಇಲ್ಲ. ಅವನ ಎಣಿಕೆಗೆ ಕಾರಣದ ಬೆಂಬಲ ಇತ್ತು. ಮೂರು-ಎರಡರಲ್ಲಿ ಪಿಚರ್ ಇನ್ನೊಂದು ಎಸೆತವನ್ನು ಹೊರಗೆ ಹಾಕುವಂತಿಲ್ಲ. ಆದ್ದರಿಂದ ತನ್ನ ಕೈ ಹೆಚ್ಚು ನಂಬುವ ಎಸೆತವನ್ನೇ ಆರಿಸುತ್ತಾನೆ. ಎಕರ್ಸ್ಲಿಯ ಕೈ ನಂಬುತ್ತಿದ್ದುದು ಸ್ಲೈಡರನ್ನು. ಎಡಗೈ ಬ್ಯಾಟರ್‌ಗೆ ದೂರದ ಅಂಚಿನ ಚೆಂಡನ್ನು ಬಲವಾಗಿ ಹೊಡೆಯುವುದು ಕಷ್ಟ, ಆದ್ದರಿಂದ ಆ ಅಂಚಿಗೇ ಹಾಕುತ್ತಾನೆ. ಕೆಲವೇ ಸಲ ಕಂಡದ್ದು ಏಕೆ ಹಾಗಾಗುತ್ತದೆ ಎಂಬುದಕ್ಕೆ ಸರಿಯಾದ ವಿವರಣೆ ಇದ್ದರೆ ಆ ಕೆಲವು ಸಲಕ್ಕೂ ಬೆಲೆ ಬರುತ್ತದೆ. ವಿವರಣೆ ಇಲ್ಲದಿದ್ದರೆ ಅದು ಕಾಕತಾಳೀಯ. ಪ್ರಶ್ನೆಪತ್ರಿಕೆಗೆ ನಕ್ಷತ್ರ ಹಾಕುವವರೂ ಇದನ್ನು ಗಮನಿಸಿ. ಆ ಅಧ್ಯಾಯಕ್ಕೆ ನೀಲನಕ್ಷೆಯಲ್ಲೇ ಹೆಚ್ಚು ಅಂಕ ಇದೆ, ಆದ್ದರಿಂದ ಪದೇ ಪದೇ ಬರುತ್ತಿದೆ ಎಂದರೆ ಅದು ಎಣಿಕೆ. ಎರಡು ವರ್ಷಕ್ಕೊಮ್ಮೆ ಬಂದಿದೆ, ಆದ್ದರಿಂದ ಈ ಸಲ ಬಂದೇ ಬರುತ್ತದೆ ಎಂದರೆ ಅದು ಆಸೆ.

ಕಾರಣ ಹುಡುಕುವಾಗಲೂ ಅವಸರ ಕೂಡದು. 1946ರ ವರ್ಲ್ಡ್ ಸೀರೀಸ್ ತೆಗೆದುಕೊಳ್ಳಿ. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಬೇಸ್‌ಬಾಲ್ ಇತಿಹಾಸದ ಅತಿ ದೊಡ್ಡ ಬ್ಯಾಟರ್‌ಗಳಲ್ಲಿ ಒಬ್ಬ. ಎಡಗೈ ಆಟಗಾರನಾದ ಅವನು ಹೆಚ್ಚಿನ ಚೆಂಡುಗಳನ್ನು ಬಲಗಡೆಗೇ ಹೊಡೆಯುತ್ತಾನೆಂದು ಕಂಡುಕೊಂಡ ಕ್ಲೀವ್‌ಲೆಂಡ್‌ನ ಲೂ ಬೂಡ್ರೊ ಆ ಬೇಸಿಗೆಯಲ್ಲಿ ತನ್ನ ಹೆಚ್ಚುಪಾಲು ಫೀಲ್ಡರ್‌ಗಳನ್ನು ಬಲಗಡೆ ತುಂಬಿ ಎಡಗಡೆಯನ್ನು ಬಹುತೇಕ ಖಾಲಿ ಬಿಟ್ಟ. ಸರಣಿಯಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕೂಡ ಆ ಉಪಾಯವನ್ನು ತಮ್ಮ ರೀತಿಯಲ್ಲಿ ಬಳಸಿತು. ವಿಲಿಯಮ್ಸ್‌ಗೆ 25 ಅವಕಾಶದಲ್ಲಿ 5 ಹಿಟ್ ಮಾತ್ರ ಬಂತು, ಅದರಲ್ಲಿ ಒಂದು ಖಾಲಿ ಎಡಗಡೆಗೆ ಮೆಲ್ಲನೆ ತಟ್ಟಿದ್ದು. ಕಾರ್ಡಿನಲ್ಸ್ 4-3ರಿಂದ ಗೆದ್ದಿತು. ಉಪಾಯ ಫಲಿಸಿತು ಎಂದು ಎಲ್ಲರೂ ಅಂದರು.

ಆದರೆ ಸರಣಿಗೆ ಸ್ವಲ್ಪ ಮೊದಲು ಅಭ್ಯಾಸಕ್ಕೆಂದು ಆಡಿದ ಪಂದ್ಯದಲ್ಲಿ ವಿಲಿಯಮ್ಸ್‌ನ ಮೊಣಕೈಗೆ ಚೆಂಡು ಬಡಿದು ಊದಿಕೊಂಡಿತ್ತು. ಹಾಗಾದರೆ ಕಾರಣ ಫೀಲ್ಡರ್‌ಗಳೋ ಮೊಣಕೈಯೋ? ಮೂರನೆಯದೂ ಒಂದಿದೆ. ಆ ವರ್ಷ ಅವನ ಸರಾಸರಿ 0.342. ಆ ಪ್ರಕಾರ 25ರಲ್ಲಿ 8 ಅಥವಾ 9 ಹಿಟ್ ಬರಬೇಕಿತ್ತು. ಅಷ್ಟೇ ಸಾಮರ್ಥ್ಯದ, ಯಾವ ನೋವೂ ಇಲ್ಲದ ಆಟಗಾರನಿಗೆ ಕೇವಲ ಆಕಸ್ಮಿಕವಾಗಿ 5 ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ ಲೆಕ್ಕ ಹಾಕಿದರೆ ಹತ್ತಿರಹತ್ತಿರ ಹತ್ತರಲ್ಲಿ ಒಂದು. ಅಷ್ಟೇನೂ ಅಪರೂಪವಲ್ಲ. 25ಕ್ಕೆ ನಡೆದ ಕಿರುಪರೀಕ್ಷೆಯಲ್ಲಿ ಮಗ ಎರಡು ಅಂಕ ಕಡಿಮೆ ತಂದನೆಂದು ಊಟದ ಹೊತ್ತಿನಲ್ಲಿ ವಿಚಾರಣೆ ನಡೆಸುವ ತಂದೆಯವರಿಗೆ ಈ ಲೆಕ್ಕ ಒಮ್ಮೆ ತೋರಿಸಬಹುದು. ಅಂದ ಹಾಗೆ, ಹಾಗೆ ಒಂದೇ ಕಡೆ ಫೀಲ್ಡರ್ ತುಂಬುವುದಕ್ಕೆ 2023ರಿಂದ ಅಮೆರಿಕದ ಮೇಜರ್ ಲೀಗ್ ಕಡಿವಾಣ ಹಾಕಿದೆ.

ನೋಡಿ ತಿಳಿಯುವುದಕ್ಕೂ ಕದ್ದು ತಿಳಿಯುವುದಕ್ಕೂ ನಡುವೆ ಒಂದು ಗೆರೆ ಇದೆ. ಯಾವ ಎಸೆತ ಹಾಕಬೇಕೆಂದು ಪಿಚರ್‌ಗೆ ಎದುರಿನ ಕ್ಯಾಚರ್ ಬೆರಳು ಸನ್ನೆಯಿಂದ ತಿಳಿಸುವುದು ಹಳೆಯ ಪದ್ಧತಿ. ಎರಡನೆಯ ಬೇಸ್‌ನಲ್ಲಿ ನಿಂತ ಆಟಗಾರ ಬರಿಗಣ್ಣಿನಿಂದ ಅದನ್ನು ಓದಿದರೆ ತಕರಾರಿಲ್ಲ, ಅದು ಆಟದ ಭಾಗ. ಆದರೆ 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಮೈದಾನದ ಆ ತುದಿಯ ಕೊಠಡಿಯಿಂದ ದೂರದರ್ಶಕದಲ್ಲಿ ಸನ್ನೆ ನೋಡಿ ವಿದ್ಯುತ್ ಗಂಟೆಯ ಮೂಲಕ ತಿಳಿಸುತ್ತಿತ್ತು. ಅದು ಬಯಲಾಗಿ ದೊಡ್ಡ ಸುದ್ದಿಯಾದದ್ದು 50 ವರ್ಷದ ನಂತರ, 2001ರಲ್ಲಿ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಕ್ಯಾಮೆರಾ ಇಟ್ಟು ಸನ್ನೆ ಹಿಡಿದು, ನಿಧಾನದ ಎಸೆತ ಬರುವುದಿದ್ದರೆ ಕಸದ ಡಬ್ಬಿಯನ್ನು ಬಡಿದು ತಮ್ಮ ಬ್ಯಾಟರ್‌ಗೆ ಹೇಳುತ್ತಿತ್ತು. ಕ್ಯಾಮೆರಾದಂಥ ಉಪಕರಣ, ಅದಕ್ಕೆ ಕಸದ ಡಬ್ಬಿಯ ಜೋಡಿ! ಆ ವರ್ಷ ಅವರೇ ಚಾಂಪಿಯನ್ ಆದರು. 2020ರ ಜನವರಿಯಲ್ಲಿ ಅವರ ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಒಂದು ವರ್ಷ ಅಮಾನತಾದರು, ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಪ್ರಶಸ್ತಿ ಮಾತ್ರ ಅವರಲ್ಲೇ ಉಳಿಯಿತು, ಆಟಗಾರರಿಗೆ ಶಿಕ್ಷೆಯಾಗಲಿಲ್ಲ. ನನಗಂತೂ ಇದು ಸರಿಕಾಣುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಓದುವುದು ಬೇರೆ, ಈ ವರ್ಷದ್ದನ್ನು ಹಿಂದಿನ ರಾತ್ರಿ ಪಡೆಯುವುದು ಬೇರೆ. 2022ರಿಂದ ಮೇಜರ್ ಲೀಗ್‌ನಲ್ಲಿ ಕ್ಯಾಚರ್ ಗುಂಡಿ ಒತ್ತಿದರೆ ಪಿಚರ್‌ನ ಟೋಪಿಯಲ್ಲಿ ಕೇಳಿಸುವ ಸಾಧನವನ್ನೂ ಬಳಸಬಹುದು.

ಇಷ್ಟೆಲ್ಲ ನೋಡಿ, ಬರೆದು, ಲೆಕ್ಕ ಹಾಕಿದರೂ "ಈ ಸರಣಿ ಯಾರದು?" ಎಂಬ ಪ್ರಶ್ನೆಗೆ ಒಳ್ಳೆಯ ಸ್ಕೌಟ್ ಉತ್ತರ ಕೊಡಲಾರ. ಅವನ ಮಾತು "ಇಂಥ ಹೊತ್ತಿನಲ್ಲಿ ಇವನು ಹೀಗೆ ಮಾಡಬಹುದು" ಎಂಬಲ್ಲಿಗೆ ನಿಲ್ಲುತ್ತದೆ. 1988ರಲ್ಲೇ ನೋಡಿ. ವರ್ಲ್ಡ್ ಸೀರೀಸ್‌ಗೆ ಮುಂಚಿನ ಸರಣಿಯಲ್ಲಿ ಡಾಡ್ಜರ್ಸ್ ಎದುರಿಸಿದ್ದು ನ್ಯೂಯಾರ್ಕ್ ಮೆಟ್ಸ್ ತಂಡವನ್ನು. ಆ ವರ್ಷ ಇಬ್ಬರ ನಡುವೆ ನಡೆದ 11 ಪಂದ್ಯಗಳಲ್ಲಿ 10ನ್ನು ಗೆದ್ದದ್ದು ಮೆಟ್ಸ್. ಸರಣಿ ಗೆದ್ದದ್ದು ಡಾಡ್ಜರ್ಸ್, 4-3ರಿಂದ. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದು ಬಂದು ವರ್ಲ್ಡ್ ಸೀರೀಸ್ ತಲುಪಲೇ ಇಲ್ಲ. 2022ರಲ್ಲಿ 111 ಗೆದ್ದಿದ್ದ ಡಾಡ್ಜರ್ಸ್, 89 ಗೆದ್ದಿದ್ದ ಸ್ಯಾನ್ ಡಿಯಾಗೊ ಪಾಡ್ರೇಸ್‌ಗೆ ಐದು ಪಂದ್ಯದ ಸರಣಿಯಲ್ಲಿ 3-1ರಿಂದ ಸೋತಿತು.

ಇದರಲ್ಲಿ ಪವಾಡವಿಲ್ಲ. ಒಂದು ತಂಡ ಇನ್ನೊಂದಕ್ಕಿಂತ ಮೇಲು, ಪ್ರತಿ ಪಂದ್ಯದಲ್ಲೂ ಗೆಲ್ಲುವ ಸಂಭವ ನೂರಕ್ಕೆ 55 ಎಂದುಕೊಳ್ಳಿ. ಅದು 4-0ರಿಂದ ಗೆಲ್ಲುವ ಸಂಭವ 0.092, 4-1ಕ್ಕೆ 0.165, 4-2ಕ್ಕೆ 0.185, 4-3ಕ್ಕೆ 0.167. ಕೂಡಿಸಿದರೆ ಸುಮಾರು 0.61. ಈ ನಾಲ್ಕು ಸಂಖ್ಯೆಗಳು ಹೇಗೆ ಬಂದವೆಂದು ಪಿಯುಸಿಯವರು ತಾವೇ ಬಿಡಿಸಲಿ. ಅಂದರೆ ಹತ್ತು ಸರಣಿಗಳಲ್ಲಿ ನಾಲ್ಕನ್ನು ಕಡಿಮೆ ತಂಡವೇ ಗೆಲ್ಲುತ್ತದೆ. ಐದು ಪಂದ್ಯಗಳ ಸರಣಿಯಾದರೆ ಬಲಿಷ್ಠರ ಸಂಭವ 0.59ಕ್ಕೆ, ಮೂರಾದರೆ 0.57ಕ್ಕೆ ಇಳಿಯುತ್ತದೆ.

ಸೂತ್ರ ಬೇಡ ಎನ್ನುವ ಚಿಕ್ಕ ತರಗತಿಯವರು ಮನೆಯಲ್ಲೇ ಮಾಡಿ ನೋಡಬಹುದು. 20 ಹುಣಸೆ ಬೀಜ ತೆಗೆದುಕೊಂಡು 9ಕ್ಕೆ ಸುಣ್ಣ ಹಚ್ಚಿ. ಹಚ್ಚದ 11 ಬಲಿಷ್ಠ ತಂಡದವು. ಚೀಲಕ್ಕೆ ಹಾಕಿ ಕುಲುಕಿ, ನೋಡದೆ ಒಂದನ್ನು ತೆಗೆಯಿರಿ. ಅದು ಯಾವ ತಂಡದ್ದೋ ಆ ತಂಡಕ್ಕೆ ಒಂದು ಗೆಲುವು. ಬೀಜವನ್ನು ಮರಳಿ ಚೀಲಕ್ಕೆ ಹಾಕಿ, ಮತ್ತೆ ಕುಲುಕಿ, ಮತ್ತೆ ತೆಗೆಯಿರಿ. ಯಾರಿಗೆ ಮೊದಲು ನಾಲ್ಕು ಗೆಲುವು ಬಂತೋ ಅವರದು ಸರಣಿ. ಹೀಗೆ 20 ಸರಣಿ ಆಡಿ ಬರೆದಿಡಿ. ಸುಣ್ಣವಿಲ್ಲದ ತಂಡ 12 ಗೆಲ್ಲಬೇಕೆಂದು ಲೆಕ್ಕ ಹೇಳುತ್ತದೆ, ನಿಮಗೆ 10 ಬರಬಹುದು, ಪಕ್ಕದ ಮನೆಯವನಿಗೆ 14. ತರಗತಿಯ 40 ಮಂದಿಯೂ ಮಾಡಿ, ಒಟ್ಟು 800 ಸರಣಿಗಳ ಫಲಿತಾಂಶವನ್ನು ಕಪ್ಪುಹಲಗೆಯ ಮೇಲೆ ಕೂಡಿಸಿದರೆ 486ರ ಆಸುಪಾಸಿಗೆ ಬರುತ್ತದೆ. ಸುಣ್ಣ ಮಾತ್ರ ತೆಳ್ಳಗೆ ಹಚ್ಚಿ ಚೆನ್ನಾಗಿ ಒಣಗಿಸಿರಿ. ಇಲ್ಲದಿದ್ದರೆ ಚೀಲದೊಳಗೆ ಕೈ ಹಾಕಿದಾಗ ಬೆರಳಿಗೇ ಯಾವುದು ಯಾವುದೆಂದು ಗೊತ್ತಾಗಿಬಿಡುತ್ತದೆ.